ಸಹಾಯ ಬೇಕು: ಫೈನಲ್ ರಾತ್ರಿ 12.30ಕ್ಕೆ, ದಾರಿಯಲ್ಲಿ ಆನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಈ ಸಲದ ವಿಶ್ವಕಪ್ ಫುಟ್‌ಬಾಲ್ ಅಮೆರಿಕ, ಮೆಕ್ಸಿಕೊ, ಕೆನಡಾದಲ್ಲಿ ಅಲ್ವಾ, ನಮಗೆ ಮ್ಯಾಚ್ ಜಾಸ್ತಿ ನಡುರಾತ್ರಿಯೇ. ಹನ್ನೆರಡು ಜನ ಗೆಳೆಯನ ಮನೆಯಲ್ಲಿ ಸೇರುತ್ತೇವೆ. ಗೋಲ್ ಬಿದ್ದರೆ ಒಳಗೆ ಮಲಗಿದ ಅಜ್ಜಿಯೂ ಎದ್ದು, 'ಯಾರು ಹೊಡೆದ್ರೋ?' ಅಂತ ಕೇಳುತ್ತಾರೆ. ಆ ಖುಷಿ ಮೊಬೈಲ್‌ನಲ್ಲಿ ಒಬ್ಬನೇ ನೋಡಿದರೆ ಬರಲ್ಲ.

ತೊಂದರೆ ವಾಪಸ್ ಬರುವಾಗ. ನಡುವೆ ಒಂದು ಕಿಲೋಮೀಟರ್ ಕಾಫಿ ತೋಟ. ಹಲಸು ಹಣ್ಣಾಗಿದೆ, ಆನೆಗಳು ಬಿಡುತ್ತವಾ? ಮೊನ್ನೆ ಮೂರು ಗಂಟೆಗೆ ಬೈಕಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲೇ ಕೊಂಬೆ ಲಟಕ್ ಅಂತು. ಎಂಜಿನ್ ಆಫ್ ಮಾಡಿ, ಉಸಿರು ಬಿಗಿಹಿಡಿದು, ಬೈಕನ್ನು ಹಿಂದಕ್ಕೆ ತಳ್ಳಿದೆವು. ಬೆಳಕು ಹರಿದ ಮೇಲೆ ನೋಡಿದರೆ ಬೇಲಿ ಮಲಗಿತ್ತು. ಊಟದ ತಟ್ಟೆಯಷ್ಟು ಅಗಲದ ಹೆಜ್ಜೆಯಲ್ಲಿ ಮಳೆ ನೀರು ನಿಂತಿತ್ತು. ಪಕ್ಕದಲ್ಲಿ ಚಿಕ್ಕ ಹೆಜ್ಜೆಗಳೂ ಇದ್ದವು.

ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರಲ್ಲ, ಅದಕ್ಕೆ ನಮ್ಮ ನಂಬರ್ ಸೇರಿಸುವುದು ಹೇಗೆ? ಮಾಡಿಸಿಕೊಂಡವರು ಹೇಳಿ. ಪಟಾಕಿ ಹೊಡೆಯಿರಿ ಅನ್ನಬೇಡಿ, ಮರಿ ಜೊತೆಗಿರುವ ಹಿಂಡನ್ನು ಕೆಣಕಲು ನಮಗೆ ಧೈರ್ಯವಿಲ್ಲ.

ಜುಲೈ 19ರ ಫೈನಲ್ ನಮಗೆ ಶುರುವಾಗುವುದೇ ರಾತ್ರಿ 12.30ಕ್ಕೆ. ಅವತ್ತು ಬೆಳಗಾಗುವವರೆಗೆ ಅಲ್ಲೇ ಉಳಿಯುತ್ತೇವೆ. ಮಳೆಗೆ ಕರೆಂಟ್ ನೆಚ್ಚುವ ಹಾಗಿಲ್ಲ. ಒಂದು ರಾತ್ರಿಗೆ ಯುಪಿಎಸ್ ಬಾಡಿಗೆಗೆ ಕೊಡುವವರು ಹತ್ತಿರದಲ್ಲಿ ಇದ್ದರೆ ತಿಳಿಸಿ. ಕಾಫಿ, ಅಕ್ಕಿರೊಟ್ಟಿ ನಮ್ಮ ಕಡೆಯಿಂದ.