ಅಡಿಕೆ ಗೊತ್ತಿಲ್ಲದ ಸೂಪರ್‌ವೈಸರ್ ಜೊತೆ ಹೇಗೆ ಏಗುವುದು?

ವಖಾರಿ ಹುಡುಗ, ಶಿರಸಿ:
ಆರು ವರ್ಷದಿಂದ ಅಡಿಕೆ ವಖಾರಿಯಲ್ಲಿ ಕೆಲಸ. ಮೂರು ತಿಂಗಳ ಹಿಂದೆ ಲೆಕ್ಕಪತ್ರ ವಿಭಾಗದಿಂದ ಹೊಸ ಸೂಪರ್‌ವೈಸರ್ ಬಂದಿದ್ದಾರೆ. ಮನುಷ್ಯ ಒಳ್ಳೆಯವರು, ಕೂಗಾಡುವುದಿಲ್ಲ, ಮನೆಯಿಂದ ತಂದ ಅಪ್ಪೆಹುಳಿಯಲ್ಲಿ ನಮಗೂ ಪಾಲು ಕೊಡುತ್ತಾರೆ. ಆದರೆ ಅಡಿಕೆ ಗೊತ್ತಿಲ್ಲ. ಬೇಯಿಸಿ ಒಣಗಿಸಿದ ಕೆಂಪಡಿಕೆ ಯಾವುದು, ಬೇಯಿಸದೆ ಒಣಗಿಸಿದ ಚಾಲಿ ಯಾವುದು ಅಂತ ಬಣ್ಣ ನೋಡಿ ಹೇಗೋ ಹೇಳುತ್ತಾರೆ. ಚಾಲಿಯಲ್ಲೇ ಕಡಿಮೆ ದರ್ಜೆಯ ಬಿಳಿಗೋಟು, ಕೋಕಾ ಅಂದರೆ ನನ್ನ ಮುಖ ನೋಡುತ್ತಾರೆ. ಕಳೆದ ವಾರ ಒಳ್ಳೆ ಚಾಲಿಗೆ ಬಿಳಿಗೋಟು ಅಂತ ಚೀಟಿ ಬರೆಸಿದರು. ರೈತರು ಅಲ್ಲೇ ನಿಂತಿದ್ದರು, ನಾನು ಮೆಲ್ಲಗೆ ಹೇಳಿದರೂ ಕೇಳಲಿಲ್ಲ. ಟೆಂಡರಿನಲ್ಲಿ ದರ ಬಿತ್ತು. ರೈತರು ಮಾರಲು ಒಪ್ಪದೆ ನನ್ನನ್ನೇ ಬೈದು ಹೋದರು, ಚೀಟಿಯಲ್ಲಿ ಇದ್ದದ್ದು ನನ್ನ ಅಕ್ಷರ ನೋಡಿ. ಮೇಲಿನವರಿಗೆ ಹೇಳಲಾ? ಅಥವಾ ಸುಮ್ನೆ ಅವರ ಕೆಲಸವನ್ನೂ ನಾನೇ ಮಾಡಿಕೊಂಡು ಇರಲಾ?

ಕಾರವಾರದ ಗುಮಾಸ್ತ:
ನೀವೇ ಮಾಡಿಕೊಂಡು ಹೋಗಬೇಡಿ ಮಾರಾಯ್ರೇ. ನಾನು ಎರಡು ವರ್ಷ ನಮ್ಮ ಸಾಹೇಬರ ಟಿಪ್ಪಣಿ ಎಲ್ಲ ಬರೆದೆ. ಅವರು ಕಲಿಯಲೇ ಇಲ್ಲ, ಯಾಕೆ ಕಲೀಬೇಕು? ತಂಗಿ ಮದುವೆ ದಿನ ಮಂಟಪದ ಪಕ್ಕ ನಿಂತು ಫೋನಿನಲ್ಲಿ ಫೈಲ್ ಎಲ್ಲಿದೆ ಅಂತ ಹೇಳಿದ್ದೇನೆ.

ತದಡಿ:
ನಾನೇ ಅಂಥ ಸೂಪರ್‌ವೈಸರ್ ಆಗಿದ್ದೆ. ಬಿಲ್ ಬರೆಯುತ್ತಿದ್ದವನನ್ನು ಮೀನಿನ ಶೆಡ್ಡಿಗೆ ಹಾಕಿದರು. ಬಂಗಡೆಯ ಕಿವಿರು ಎತ್ತಿ ನೋಡಬೇಕು, ಕೆಂಪಿದ್ದರೆ ತಾಜಾ, ಕಂದಾಗಿದ್ದರೆ ಹಳೆಯದು ಅನ್ನುವುದೂ ಗೊತ್ತಿರಲಿಲ್ಲ. ಕೇಳಲು ನಾಚಿಕೆ, ಅದಕ್ಕೇ ಎಲ್ಲದಕ್ಕೂ ಜೋರಾಗಿ ಹೌದು ಅಂದುಬಿಡುತ್ತಿದ್ದೆ. ಕೆಲಸದ ಅಕ್ಕ ಒಬ್ಬರು ಜನ ಬರುವ ಮೊದಲೇ ಕರೆದು ತೋರಿಸಿಕೊಟ್ಟರು. ನೀವು ಮೆಲ್ಲಗೆ ಹೇಳಿದ್ದೂ ರೈತರ ಎದುರೇ ಅಲ್ವಾ? ಅಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾಲ್ಕು ಹಿಡಿ ಅಡಿಕೆ ಮೇಜಿನ ಮೇಲೆ ಹಾಕಿ, ಕೈಗೆ ಅಡಕತ್ತರಿ ಕೊಡಿ.

ಸಿದ್ದಾಪುರದ ತೋಟಿಗ:
ಕಲಿಸಿ, ಬೇಡ ಅನ್ನುವುದಿಲ್ಲ. ಆದರೆ ಅವರು ಕಲಿಯುವವರೆಗೆ ನಮ್ಮ ಗತಿ ಏನು? ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸಿ, ಮೋಡ ಕಂಡಾಗೆಲ್ಲ ಓಡಿ ಮುಚ್ಚಿ, ಸುಲಿಸಿ ತಂದ ಚಾಲಿ ಅದು. ಆ ರೈತ ಮಾರದೆ ಇಟ್ಟುಕೊಂಡ, ಪುಣ್ಯ. ಸಾಲದ ಕಂತು ಇದ್ದವನಾಗಿದ್ದರೆ ಸಿಕ್ಕಿದ ದರಕ್ಕೆ ಒಪ್ಪಿಬಿಡುತ್ತಿದ್ದ. ನಾಳೆಯಿಂದ ಚೀಟಿ ನೀವು ಬರೆದರೂ ಸಹಿ ಅವರೇ ಹಾಕಲಿ. ಆಮೇಲೂ ತಪ್ಪಿದರೆ ಮೇಲಿನವರ ಹತ್ತಿರ ಹೋಗಿ, ಆ ಚೀಟಿ ಹಿಡಿದುಕೊಂಡೇ ಹೋಗಿ.

ವಖಾರಿ ಹುಡುಗ, ಶಿರಸಿ:
ಇವತ್ತು ಬೆಳಿಗ್ಗೆ ಎರಡನ್ನೂ ಮಾಡಿ ನೋಡಿದೆ. ನಾಲ್ಕರಲ್ಲಿ ಎರಡು ಸರಿ ಹೇಳಿದರು. ಮಧ್ಯಾಹ್ನ ಚೀಟಿಗೆ ಸಹಿ ಕೇಳಿದಾಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ, "ಆ ಚೀಲ ಇನ್ನೊಂದು ಸಲ ಬಿಚ್ಚು" ಅಂದರು.