ಕನ್ನಡಿ ಮೇಲೆ ಲೇಸರ್: ಅಕ್ಷರ ಎರಡೆರಡು ಕಾಣುತ್ತಿದೆ, ಒತ್ತು ಚಕ್ಕೆ ಏಳುತ್ತಿದೆ

ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಗಿಫ್ಟ್ ಅಂಗಡಿ. 60 ವ್ಯಾಟ್ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಮಷೀನ್ ತೆಗೆದುಕೊಂಡು ಎಂಟು ತಿಂಗಳಾಯಿತು. ಎಂಡಿಎಫ್ ಹಲಗೆ, ಅಕ್ರಿಲಿಕ್ ಕೆಲಸ ಕೈಗೆ ಹತ್ತಿದೆ. ಈಗ ಗೃಹಪ್ರವೇಶಕ್ಕೆ ಒಂದು ಆರ್ಡರ್ ಬಂದಿದೆ. 12 ಇಂಚಿನ ದುಂಡು ಕನ್ನಡಿ, 4 ಎಂಎಂ ದಪ್ಪ, ಅದರ ಮೇಲೆ ಮನೆಯ ಹೆಸರು 'ಶ್ರೀಕೃಷ್ಣ ನಿಲಯ'. ಎರಡು ಕನ್ನಡಿ ಆಗಲೇ ಹಾಳಾದವು. ಮೂರನೆಯದಕ್ಕೆ ಕೈ ಹಾಕಲು ಧೈರ್ಯ ಬರುತ್ತಿಲ್ಲ.

ಮೊದಲನೆಯದನ್ನು ಮುಖದ ಕಡೆಯಿಂದಲೇ ಕೆತ್ತಿದೆ. ಅಕ್ಷರ ಬಂತು, ಆದರೆ ಸ್ವಲ್ಪ ಪಕ್ಕದಿಂದ ನೋಡಿದರೆ ಎರಡೆರಡು ಕಾಣುತ್ತದೆ, ಹಿಂದೆ ನೆರಳು ಬಿದ್ದ ಹಾಗೆ. ಎರಡನೆಯದಕ್ಕೆ, ಅಕ್ಷರ ಎದ್ದು ಕಾಣಲಿ ಅಂತ ಪವರ್ ಶೇಕಡಾ 55, ಸ್ಪೀಡ್ ಸೆಕೆಂಡಿಗೆ 200 ಎಂಎಂ ಇಟ್ಟೆ. 'ಷ್ಣ' ಅಕ್ಷರದ ಒತ್ತು ಪೂರ್ತಿ ಚಕ್ಕೆ ಎದ್ದು ಹೋಯಿತು. ಬೆರಳಾಡಿಸಿದರೆ ಸಣ್ಣ ಚೂರುಗಳು ಚುಚ್ಚುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ? ಶುಕ್ರವಾರ ಕೊಡಬೇಕು.

ಪೀಣ್ಯದಿಂದ

ಮೇಡಂ, ಮೊದಲು ಬರಿಗೈಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಗಾಜಿನ ಪುಡಿಯನ್ನು ಬಾಯಲ್ಲಿ ಊದಬೇಡಿ. ಆ ಪುಡಿ ಕಣ್ಣಿಗೂ ಶ್ವಾಸಕ್ಕೂ ಒಳ್ಳೆಯದಲ್ಲ.

ಈಗ ಕೆಲಸಕ್ಕೆ ಬರೋಣ. ಮರದಲ್ಲಿ ಲೇಸರ್ ಸುಡುತ್ತದೆ. ಗಾಜಿನಲ್ಲಿ ಹಾಗಲ್ಲ, ಸಿಡಿಸುತ್ತದೆ. ಕಿರಣ ಬಿದ್ದ ಚುಕ್ಕಿ ಒಮ್ಮೆಲೇ ಕಾಯುತ್ತದೆ, ಸುತ್ತಲಿನ ಗಾಜು ತಣ್ಣಗೇ ಇರುತ್ತದೆ. ಆ ಎಳೆದಾಟದಲ್ಲಿ ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ನಮಗೆ ಬೆಳ್ಳಗೆ ಮಂಜು ಮಂಜಾಗಿ ಕಾಣುವುದು ಆ ಬಿರುಕುಗಳೇ. ಶಾಖ ಜಾಸ್ತಿಯಾದರೆ ಬಿರುಕು ಒಂದಕ್ಕೊಂದು ಸೇರಿ ಚಕ್ಕೆ ಏಳುತ್ತದೆ. ಹಾಗಾಗಿ ಎದ್ದು ಕಾಣಲಿ ಅಂತ ಪವರ್ ಏರಿಸಿದಷ್ಟೂ ಗಾಜು ಕೆಡುತ್ತದೆ. ನಿಮ್ಮ 55 ತುಂಬಾ ಜಾಸ್ತಿ.

ಎರಡೆರಡು ಕಾಣುವುದು ಮಷೀನಿನ ತಪ್ಪಲ್ಲ. ನೀವು ಕೆತ್ತಿದ್ದು ಮುಂದಿನ ಮೈಯಲ್ಲಿ, ಬೆಳ್ಳಿ ಇರುವುದು 4 ಎಂಎಂ ಹಿಂದೆ. ಕೆತ್ತಿದ ಅಕ್ಷರವೇ ಬೆಳ್ಳಿಯಲ್ಲಿ ಪ್ರತಿಬಿಂಬವಾಗಿ ಕಾಣುತ್ತಿದೆ. ಗಾಜು ದಪ್ಪವಾದಷ್ಟೂ ನೆರಳು ದೂರ ಹೋಗುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಹೋಗುವುದಿಲ್ಲ.

ಅದಕ್ಕೇ ಕನ್ನಡಿಯನ್ನು ಬೆನ್ನಿನ ಕಡೆಯಿಂದ ಕೆತ್ತಬೇಕು. ಹಿಂದೆ ಕಾಣುವ ಬೂದು ಬಣ್ಣ ಪೇಂಟು. ಅದರ ಕೆಳಗೆ ತೆಳುವಾದ ಬೆಳ್ಳಿ ಇದೆ, ಎಷ್ಟೋ ಕನ್ನಡಿಗಳಲ್ಲಿ ಎರಡರ ನಡುವೆ ತಾಮ್ರವೂ ಇರುತ್ತದೆ. ಅಕ್ಷರದ ಜಾಗದಲ್ಲಿ ಇದಿಷ್ಟೂ ಹೋಗಿ, ಗಾಜಿನ ಮೈ ಒಂಚೂರು ಮಂಜಾದರೆ ಸಾಕು. ನನ್ನ 60 ವ್ಯಾಟ್ ಮಷೀನಿನಲ್ಲಿ ಸ್ಪೀಡ್ 300, ಪವರ್ 20ರ ಆಸುಪಾಸಿನಿಂದ ಶುರು ಮಾಡುತ್ತೇನೆ. ಗೆರೆಗಳ ಅಂತರ 0.1 ಎಂಎಂ, ಅಂದರೆ 254 ಡಿಪಿಐ (ಒಂದು ಇಂಚಿಗೆ 254 ಗೆರೆ). ಗಾಜಿಗೆ ಅದಕ್ಕಿಂತ ಒತ್ತಾದ ಗೆರೆ ಬೇಡ. ಒಂದರ ಮೇಲೊಂದು ಬಿದ್ದು ಶಾಖ ಕೂಡಿಕೊಳ್ಳುತ್ತದೆ. ಲೇಸರ್ ಟ್ಯೂಬ್ ಹಳೆಯದಾದರೆ ಅಂಕಿ ಬದಲಾಗುತ್ತದೆ, ಆದ್ದರಿಂದ ನನ್ನ ಅಂಕಿಯನ್ನು ಹಾಗೇ ಹಾಕಬೇಡಿ. ಕನ್ನಡಿ ತಂದ ಅಂಗಡಿಯಲ್ಲೇ ಅದೇ ಶೀಟಿನ ಕಟ್ ಪೀಸ್ ಕೇಳಿ. ಅದರ ಮೇಲೆ ಸಣ್ಣ ಸಣ್ಣ ಚೌಕ ಹಾಕಿ, ಪವರ್ ಎರಡೆರಡು ಅಂಕಿ ಏರಿಸುತ್ತಾ ನೋಡಿ. ಚೌಕವನ್ನು ಬೆಳಕಿಗೆ ಹಿಡಿದಾಗ ಒಂದೇ ಸಮನೆ ಬೆಳ್ಳಗೆ ಕಾಣಬೇಕು.

ಬೆನ್ನಿನಿಂದ ಕೆತ್ತುವಾಗ ಡಿಸೈನನ್ನು ಎಡಬಲ ತಿರುಗಿಸಲು ಮರೆಯಬೇಡಿ. ನಾನು ಒಮ್ಮೆ ಮರೆತು, ಆರು ಕನ್ನಡಿ ಮುಗಿದ ಮೇಲೆ ನೋಡಿಕೊಂಡೆ. ಇನ್ನೊಂದು ಮಾತು. ಹೆಸರನ್ನು ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು, ಪಾತ್ (ಅಕ್ಷರದ ಬದಲು ಬರೀ ಗೆರೆಯ ಆಕಾರ) ಮಾಡಿಕೊಂಡೇ ಲೇಸರ್ ಸಾಫ್ಟ್‌ವೇರ್‌ಗೆ ತನ್ನಿ. ಒತ್ತು, ದೀರ್ಘ ಎಲ್ಲ ನೀವು ಕಂಡ ಹಾಗೇ ಬರುತ್ತವೆ. 'ಷ್ಣ' ಒತ್ತಿನ ಸುರುಳಿಯೊಳಗಿನ ಜಾಗ ಎರಡು ಎಂಎಂಗಿಂತ ಕಡಿಮೆ ಇದ್ದರೆ ಅಕ್ಷರವನ್ನು ದೊಡ್ಡದು ಮಾಡಿ, ಇಲ್ಲವೇ ಬೇರೆ ಫಾಂಟ್ ಹುಡುಕಿ. ಇಂಗ್ಲಿಷ್ ಅಕ್ಷರಕ್ಕೆ ಈ ಗೋಳಿಲ್ಲ. ನಮ್ಮ ಲಿಪಿಯ ಚೆಂದವೆಲ್ಲ ಆ ಸುರುಳಿಗಳಲ್ಲೇ ಇದೆ. ಅದು ಮುಚ್ಚಿಹೋದರೆ ನನಗಂತೂ ಸಂಕಟವಾಗುತ್ತದೆ.

ಶಿವಮೊಗ್ಗದಿಂದ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಸರ್. ನನ್ನದು 10 ವ್ಯಾಟ್ ನೀಲಿ ಡಯೋಡ್ ಮಷೀನ್. ಗಾಜಿನ ಲೋಟದ ಮೇಲೆ ಪವರ್ 100 ಇಟ್ಟರೂ ಒಂದು ಗೀರೂ ಬೀಳುತ್ತಿಲ್ಲ. ಕನ್ನಡಿಯಾದರೂ ಆಗುತ್ತದಾ?

ಪೀಣ್ಯದಿಂದ

ಗೀರು ಬೀಳುವುದಿಲ್ಲ ತಮ್ಮಾ. ನಿನ್ನ ಕಿರಣ ಸುಮಾರು 450 ನ್ಯಾನೋಮೀಟರ್, ಅಂದರೆ ಬರೀ ನೀಲಿ ಬೆಳಕು. ಕಿಟಕಿಯಲ್ಲಿ ಬಿಸಿಲು ಬಂದ ಹಾಗೆ ಗಾಜಿನಲ್ಲಿ ದಾಟಿ ಹೋಗುತ್ತದೆ. ಸಿಒಟು ಕಿರಣ 10,600 ನ್ಯಾನೋಮೀಟರ್. ಅದನ್ನು ಗಾಜು ಮೇಲ್ಮೈಯಲ್ಲೇ ಹೀರಿಕೊಳ್ಳುತ್ತದೆ. ಲೋಟಕ್ಕೆ ಕಪ್ಪು ಪೋಸ್ಟರ್ ಕಲರ್ ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆ ಕೆತ್ತು. ಬಣ್ಣ ಶಾಖ ಹಿಡಿದು ಗಾಜಿಗೆ ಕೊಡುತ್ತದೆ. ಆಮೇಲೆ ತೊಳೆದರಾಯಿತು.

ಕನ್ನಡಿಗೆ ಬೆನ್ನಿನ ಪೇಂಟೇ ಶಾಖ ಹಿಡಿಯುತ್ತದೆ, ಆದ್ದರಿಂದ ಆಗುತ್ತದೆ. ಆದರೆ ಮುಖದ ಕಡೆಯಿಂದ ಮಾತ್ರ ಯಾವತ್ತೂ ಹೊಡೆಯಬೇಡ. ಕಿರಣ ಗಾಜು ದಾಟಿ, ಬೆಳ್ಳಿಗೆ ಬಡಿದು ವಾಪಸ್ ಬರುತ್ತದೆ. ಎಲ್ಲಿಗೆ ಹೋಗುತ್ತದೋ ಹೇಳಲಾಗದು. ನಿನ್ನದು ಮುಚ್ಚಳ ಇಲ್ಲದ ಮಷೀನಾದರೆ ಸುತ್ತ ಮರೆ ಕಟ್ಟು, ಆ ತರಂಗಕ್ಕೆ ಮಾಡಿದ ಕನ್ನಡಕ ಹಾಕು, ಮಕ್ಕಳನ್ನು ಆ ಕೋಣೆಗೇ ಬಿಡಬೇಡ. ಟಫನ್ಡ್ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಗಾಜನ್ನೂ ಮುಟ್ಟಬೇಡ, ಇಡೀ ಗಾಜು ಒಮ್ಮೆಲೇ ಪುಡಿಯಾಗಬಹುದು.

ಹಾಸನದಿಂದ

ಸರ್, ನೀವು ಹೇಳಿದ ಹಾಗೆ ಕಟ್ ಪೀಸ್ ತಂದು ಚೌಕ ಹಾಕಿದೆ. 18ರಲ್ಲಿ ಪೇಂಟು ಹೋಯಿತು, ಆದರೆ ಅಕ್ಷರದ ಜಾಗದಲ್ಲಿ ಹೊಗೆ ಬಣ್ಣದ ಪೊರೆ ಉಳಿದಿದೆ. ಬ್ಲೇಡಿನಲ್ಲಿ ಕೆರೆಯಬಹುದಾ? ಇಲ್ಲ ಇನ್ನೊಂದು ಸಲ ಓಡಿಸಲಾ?

ಪೀಣ್ಯದಿಂದ

ಎರಡೂ ಬೇಡ. ಬ್ಲೇಡು ಅಂಚಿನ ಪೇಂಟನ್ನೂ ಎಬ್ಬಿಸುತ್ತದೆ. ಆ ಪೊರೆ ಉಳಿದ ಬೆಳ್ಳಿ. ಪೇಂಟು ಹೋದ ಮೇಲೆ ಅದು ಕಿರಣವನ್ನು ಹೀರುವುದಕ್ಕಿಂತ ತಿರುಗಿಸುವುದೇ ಜಾಸ್ತಿ, ಅದಕ್ಕೇ ಎರಡನೇ ಸಲ ಓಡಿಸಿದರೆ ಅಷ್ಟು ಗುಣ ಕಾಣುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಹೋಗುವ ಪವರ್ ಹುಡುಕಿ. 22, 24 ನೋಡಿ. ಫೋಕಸ್ ಪೇಂಟಿನ ಮೈಗೆ ಸರಿಯಾಗಿರಲಿ. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಪೇಂಟಿನ ಹೊಗೆ ಕುಡಿಯುವಂಥದ್ದಲ್ಲ.

ಹಾಸನದಿಂದ

24ಕ್ಕೆ ಬಂತು ಸರ್! ಮೂರನೇ ಕನ್ನಡಿ ಈಗ ತಾನೇ ಹೊರಗೆ ತೆಗೆದೆ. ಟ್ಯೂಬ್‌ಲೈಟಿಗೆ ಹಿಡಿದರೆ 'ಷ್ಣ' ಒತ್ತಿನ ಸುರುಳಿ ಕೂಡ ಬಿಡಿಬಿಡಿಯಾಗಿ ಕಾಣುತ್ತಿದೆ. ನಮ್ಮ ಅತ್ತೆ ನೋಡಿ 'ಬೆಳ್ಳಿ ತಟ್ಟೇಲಿ ರಂಗೋಲಿ ಬಿಟ್ಟ ಹಾಗಿದೆ' ಅಂದರು. ಹಿಂದೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದು, ಮರದ ಫ್ರೇಮಿಗೆ ಅಂಟಿಸಬೇಕು. ಅಂಗಡಿಯಲ್ಲಿ ಸಿಲಿಕೋನ್ ಇದೆ, ಅದೇ ಸಾಕಾ?

ಪೀಣ್ಯದಿಂದ

ತುಂಬಾ ಖುಷಿಯಾಯಿತು ಮೇಡಂ. ಸ್ಪ್ರೇಯನ್ನು ಎರಡು ತೆಳು ಕೋಟಿನಲ್ಲಿ ಹೊಡೆಯಿರಿ, ಅಕ್ಷರದ ಅಂಚು ಪೂರ್ತಿ ಮುಚ್ಚಲಿ. ತೆರೆದ ಬೆಳ್ಳಿಗೆ ತೇವ ತಾಗಿದರೆ ಅಂಚು ಕಪ್ಪಾಗುತ್ತಾ ಹೋಗುತ್ತದೆ. ಮಂಗಳೂರು ಕಡೆ ಕೊಟ್ಟ ಒಂದು ಕನ್ನಡಿ ನನಗೆ ಹಾಗೇ ವಾಪಸ್ ಬಂದಿತ್ತು. ಸಿಲಿಕೋನ್ ಟ್ಯೂಬಿನ ಮೂತಿ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ, ಅದರ ಆಮ್ಲ ಬೆಳ್ಳಿಯನ್ನು ತಿನ್ನುತ್ತದೆ. ಕನ್ನಡಿಗೆ ಅಂತಲೇ ನ್ಯೂಟ್ರಲ್ ಸಿಲಿಕೋನ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಒಂದು ರಾತ್ರಿ ಅಲ್ಲಾಡಿಸದೆ ಮಲಗಿಸಿಡಿ. ಇವತ್ತೇ ಅಂಟಿಸಿದರೆ ಶುಕ್ರವಾರಕ್ಕೆ ಆರಾಮಾಗಿ ಸಿದ್ಧವಾಗುತ್ತದೆ.