ಮನೆಯಿಂದ ಮೊದಲು ಕಾಲೇಜಿಗೆ ಹೊರಟ ಮಗು, ಓದು ನರ್ಸಿಂಗ್ ಇಲ್ಲವೇ ಮೆಡಿಸಿನ್: ಅಮೆರಿಕದ ಸ್ಕಾಲರ್‌ಶಿಪ್ ಬಗ್ಗೆ ಪ್ರಶ್ನೋತ್ತರ

ಅಮೆರಿಕದ ಕನ್ನಡಿಗರ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಯೂನಿವರ್ಸಿಟಿಯ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನರ್ಸಿಂಗ್, ಫಾರ್ಮಸಿ, ಮೆಡಿಸಿನ್ ಕಡೆ ಹೊರಟ ಮಕ್ಕಳ ಫೈಲುಗಳೇ ನನ್ನ ಕೈಗೆ ಜಾಸ್ತಿ ಬರುತ್ತವೆ. ಇಲ್ಲಿರುವ ಕನ್ನಡಿಗರೆಲ್ಲ ಸಾಫ್ಟ್‌ವೇರ್‌ನವರು ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಗ್ಯಾಸ್ ಸ್ಟೇಷನ್‌ನಲ್ಲಿ ನೈಟ್ ಶಿಫ್ಟ್ ಮಾಡುವವರು, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿರುವವರು ಕೂಡ ಈ ಗುಂಪಿನಲ್ಲಿದ್ದಾರೆ. ಮೊದಲು ಅವರ ಮನೆಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ದಯವಿಟ್ಟು ಹೆಸರು, ಸೋಶಿಯಲ್ ಸೆಕ್ಯೂರಿಟಿ ನಂಬರ್ ಏನನ್ನೂ ಇಲ್ಲಿ ಹಾಕಬೇಡಿ.

ಪ್ರಶ್ನೆ: ಮೇಡಂ, ನಾನು ಪಿಯುಸಿವರೆಗೆ ಓದಿದ್ದೇನೆ, ನಮ್ಮ ಯಜಮಾನರದ್ದು ಐಟಿಐ. ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ. ಮಗಳು ಟ್ವೆಲ್ತ್ ಗ್ರೇಡ್, ನರ್ಸಿಂಗ್ ಮಾಡ್ತೀನಿ ಅಂತಿದ್ದಾಳೆ. ಸ್ಕೂಲ್ ಕೌನ್ಸೆಲರ್ "ನೀವು ಫಸ್ಟ್ ಜೆನ್ ಕುಟುಂಬ" ಅಂದರು. ಆದರೆ ದೊಡ್ಡ ಮಗ ಆಗಲೇ ಬಿ.ಎಸ್. ಮುಗಿಸಿದ್ದಾನೆ. ಇವಳೂ ಅದಕ್ಕೆ ಸೇರ್ತಾಳಾ?

ಉತ್ತರ: ಸೇರುತ್ತಾಳೆ. ಫಸ್ಟ್ ಜೆನ್ ಅಂದರೆ ಮನೆಯಲ್ಲಿ ಡಿಗ್ರಿ ಓದುವ ಮೊದಲ ತಲೆಮಾರು. ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು, ಅಂದರೆ 1965ರ ಹೈಯರ್ ಎಜುಕೇಶನ್ ಆ್ಯಕ್ಟ್, ನೋಡುವುದು ತಂದೆ ತಾಯಿಯ ಓದನ್ನು ಮಾತ್ರ. ಇಬ್ಬರಲ್ಲಿ ಯಾರೂ ಬ್ಯಾಚುಲರ್ಸ್ ಡಿಗ್ರಿ ಮುಗಿಸಿರಬಾರದು. ಅಣ್ಣನ ಡಿಗ್ರಿ ಲೆಕ್ಕಕ್ಕಿಲ್ಲ. ಐಟಿಐ, ಡಿಪ್ಲೊಮಾ, ಅರ್ಧಕ್ಕೆ ಬಿಟ್ಟ ಡಿಗ್ರಿ ಇವೂ ಅಡ್ಡಿಯಲ್ಲ. ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆಯಲ್ಲೇ ಬೆಳೆದಿದ್ದರೆ ಅವರೊಬ್ಬರ ಓದು ಸಾಕು. ಆದರೆ ಊರಿನಲ್ಲಿ ಮಾಡಿದ ಬಿ.ಕಾಂ. ಕೂಡ ಡಿಗ್ರಿಯೇ. "ಇಂಡಿಯಾದ್ದು ತಾನೇ" ಅಂತ ಬಿಟ್ಟುಬಿಡಬೇಡಿ.

ಇದರ ಜೊತೆಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಫಸ್ಟ್ ಜೆನ್ ಅಂದ ಮಾತ್ರಕ್ಕೆ ಚೆಕ್ ಬರುವುದಿಲ್ಲ. ದೊಡ್ಡ ದುಡ್ಡು ಇರುವುದು ಸರ್ಕಾರ ಮತ್ತು ಕಾಲೇಜಿನ ಹತ್ತಿರ. ಅದನ್ನು ಕೊಡುವುದು ಬಹುಪಾಲು ಮನೆಯ ಆದಾಯ ನೋಡಿ. ಅದಕ್ಕೆ ಬಾಗಿಲು ಫಾಫ್ಸಾ, ಅಂದರೆ ಫೆಡರಲ್ ಸಹಾಯಕ್ಕೆ ಹಾಕುವ ಅರ್ಜಿ ಫಾರ್ಮ್. ಫಸ್ಟ್ ಜೆನ್ ಅನ್ನುವುದು ಅದರ ಮೇಲೆ ಸಿಗುವ ಬೆಂಬಲ. ಟ್ರಿಯೊ ಅನ್ನುವ ಫೆಡರಲ್ ಕಾರ್ಯಕ್ರಮಗಳು ಇಂಥ ಮಕ್ಕಳಿಗೆಂದೇ ಇವೆ. ಹೈಸ್ಕೂಲ್ ಮಕ್ಕಳಿಗೆ ಅಪ್‌ವರ್ಡ್ ಬೌಂಡ್ 1964ರ ಕಾನೂನಿನಡಿ ಶುರುವಾಯಿತು. ಕಾಲೇಜು ಸೇರಿದವರಿಗೆ ಸ್ಟೂಡೆಂಟ್ ಸಪೋರ್ಟ್ ಸರ್ವಿಸಸ್ 1968ರಲ್ಲಿ ಬಂತು. ಪಾಠ ಹೇಳಿಕೊಡುವುದು, ಸಲಹೆ, ಫಾರ್ಮ್ ತುಂಬುವ ಸಹಾಯ, ಎಲ್ಲ ಬಿಟ್ಟಿ. ನರ್ಸಿಂಗ್ ಮಕ್ಕಳು ಅನಾಟಮಿ, ಕೆಮಿಸ್ಟ್ರಿಯಲ್ಲಿ ಮುಗ್ಗರಿಸುವುದು ಮೊದಲ ವರ್ಷದಲ್ಲೇ. ಆಗ ಕೈ ಹಿಡಿಯುವವರು ಇವರು. ಕಾಲೇಜು ಸೇರಿದ ಮೊದಲ ವಾರದಲ್ಲೇ ಆ ಆಫೀಸು ಎಲ್ಲಿದೆ ಅಂತ ಮಗಳಿಗೆ ವಿಚಾರಿಸಲು ಹೇಳಿ.

ಪ್ರಶ್ನೆ: ಫಾಫ್ಸಾದಲ್ಲಿ ಎರಡು ತೊಂದರೆ. ಊರಿನಲ್ಲಿ ಎರಡೆಕರೆ ಜಮೀನಿದೆ, ತೋರಿಸಬೇಕಾ? ಇನ್ನೊಂದು, ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರಲಿಲ್ಲ. ಒಂದು ಕಡೆ ಎಫ್ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿದೆ, ಇನ್ನೊಂದು ಕಡೆ ನಮ್ಮಪ್ಪನ ಹೆಸರು.

ಉತ್ತರ: ಹೆಸರಿನ ಗೋಳು ನಮ್ಮವರಿಗೆ ಇದ್ದದ್ದೇ. ಇನಿಷಿಯಲ್ ಒಂದು ಕಡೆ ಊರಿನ ಹೆಸರಾಗಿ, ಇನ್ನೊಂದು ಕಡೆ ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ನಿಯಮ ಒಂದೇ: ಸೋಶಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಅಕ್ಷರ ಅಕ್ಷರ ಹೇಗಿದೆಯೋ ಹಾಗೇ ಫಾಫ್ಸಾ ಅಕೌಂಟಿನಲ್ಲಿ ಹಾಕಿ. ಡ್ರೈವಿಂಗ್ ಲೈಸೆನ್ಸ್ ನೋಡಿ ಹಾಕಬೇಡಿ. ಕಾರ್ಡಿನಲ್ಲೇ ತಪ್ಪಿದ್ದರೆ ಮೊದಲು ಸೋಶಿಯಲ್ ಸೆಕ್ಯೂರಿಟಿ ಆಫೀಸಿನಲ್ಲಿ ಸರಿ ಮಾಡಿಸಿ. ಅಲ್ಲಿ ಹೊಂದಾಣಿಕೆ ಆಗದಿದ್ದರೆ ಇಡೀ ಅರ್ಜಿ ನಿಂತುಬಿಡುತ್ತದೆ. ಅಂದ ಹಾಗೆ, ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ತಂದೆ ತಾಯಿ ಕೂಡ ಅಕೌಂಟ್ ತೆರೆಯಬಹುದು. ಮಗುವಿನ ಅರ್ಹತೆ ಮಗುವಿನದು.

ಜಮೀನಿನ ವಿಷಯ. ನೀವು ವಾಸವಿರುವ ಮನೆಯನ್ನು ಫಾಫ್ಸಾ ಕೇಳುವುದಿಲ್ಲ. ಬೇರೆ ಆಸ್ತಿಯನ್ನು ಕೇಳುತ್ತದೆ, ಅದು ಯಾವ ದೇಶದಲ್ಲಿದ್ದರೂ. ನಿಮ್ಮ ಹೆಸರಿನಲ್ಲಿ ಖಾತೆ ಇದ್ದರೆ ಇವತ್ತಿನ ಬೆಲೆಯಲ್ಲಿ ಅದರ ಮೇಲಿನ ಸಾಲ ಕಳೆದು ಡಾಲರಿನಲ್ಲಿ ತೋರಿಸಬೇಕು. ಇನ್ನೂ ನಿಮ್ಮ ಮಾವನವರ ಹೆಸರಿನಲ್ಲೇ ಇದ್ದರೆ ಅದು ನಿಮ್ಮದಲ್ಲ, ತೋರಿಸಬೇಕಿಲ್ಲ. ಇನ್ನೊಂದು ಸಮಾಧಾನ ಇದೆ. ಮನೆಯ ಆದಾಯ 60,000 ಡಾಲರಿಗಿಂತ ಕಡಿಮೆ ಇದ್ದು, ಟ್ಯಾಕ್ಸ್ ರಿಟರ್ನ್ ಹೆಚ್ಚಿನ ಷೆಡ್ಯೂಲ್‌ಗಳು (ಜೊತೆಗಿಡುವ ಫಾರ್ಮುಗಳು) ಇಲ್ಲದೆ ಸರಳವಾಗಿದ್ದರೆ ಆಸ್ತಿಯ ಪ್ರಶ್ನೆಯೇ ಬರುವುದಿಲ್ಲ. ಕೆಲವು ಪ್ರೈವೇಟ್ ಕಾಲೇಜುಗಳು ಸಿಎಸ್ಎಸ್ ಪ್ರೊಫೈಲ್ ಅಂತ ಇನ್ನೊಂದು ಫಾರ್ಮ್ ಕೇಳುತ್ತವೆ. ಅದರಲ್ಲಿ ವಿಚಾರಣೆ ಜಾಸ್ತಿ.

ಫಾರ್ಮ್ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಎರಡು ವರ್ಷ ಹಿಂದಿನ ಟ್ಯಾಕ್ಸ್ ಲೆಕ್ಕ ನೋಡುತ್ತಾರೆ. 2026-27ಕ್ಕೆ 2024ರದ್ದು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಇದರಿಂದಲೇ ನಿರ್ಧಾರ ಆಗುವುದು. 2025-26ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ಅದನ್ನು ತಿರುಗಿ ಕಟ್ಟಬೇಕಿಲ್ಲ. ರಾಜ್ಯ ಸರ್ಕಾರಗಳ ದುಡ್ಡು ಕೆಲವು ಕಡೆ ಮೊದಲು ಬಂದವರಿಗೆ ಮೊದಲು. ಹಾಗಾಗಿ ಕ್ರಿಸ್‌ಮಸ್ ರಜಕ್ಕೆ ಅಂತ ಎತ್ತಿಡಬೇಡಿ.

ಪ್ರಶ್ನೆ: ನಾವಿನ್ನೂ ಎಚ್-1 ಕೆಲಸದ ವೀಸಾದಲ್ಲಿದ್ದೇವೆ, ಮಗ ನಮ್ಮ ಮೇಲೆ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ. ಡಾಕ್ಟರ್ ಆಗಬೇಕು ಅಂತ ಅವನಿಗೆ ಆಸೆ.

ಉತ್ತರ: ಸರ್, ನೇರವಾಗಿ ಹೇಳುತ್ತೇನೆ. ಎಚ್-4 ಮಕ್ಕಳಿಗೆ ಫೆಡರಲ್ ಸಹಾಯ ಇಲ್ಲ. ಪೆಲ್ ಇಲ್ಲ, ಫೆಡರಲ್ ಸಾಲವೂ ಇಲ್ಲ. 21 ತುಂಬಿದ ಮೇಲೆ ಎಚ್-4 ಇರುವುದಿಲ್ಲ, ಎಫ್-1 ಸ್ಟೂಡೆಂಟ್ ವೀಸಾಕ್ಕೋ ಬೇರೆ ವೀಸಾಕ್ಕೋ ಬದಲಾಗಬೇಕು. ಸುಮಾರು ಮೆಡಿಕಲ್ ಸ್ಕೂಲುಗಳು ಸಿಟಿಜನ್ ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳುವುದೇ ಇಲ್ಲ. ನಿಮಗೆ ಉಳಿದಿರುವುದು ಕಾಲೇಜುಗಳ ಸ್ವಂತ ದುಡ್ಡು ಮತ್ತು ವೀಸಾ ಕೇಳದ ಪ್ರೈವೇಟ್ ಸ್ಕಾಲರ್‌ಶಿಪ್. ಅರ್ಜಿ ಹಾಕುವ ಮುಂಚೆಯೇ ಪ್ರತಿ ಕಾಲೇಜಿಗೂ ಇಮೇಲ್ ಬರೆದು "ಎಚ್-4 ವಿದ್ಯಾರ್ಥಿಗೆ ನಿಮ್ಮ ಸ್ವಂತ ನಿಧಿಯಿಂದ ಸಹಾಯ ಇದೆಯಾ" ಅಂತ ಕೇಳಿ, ಉತ್ತರ ಬರವಣಿಗೆಯಲ್ಲೇ ಪಡೆಯಿರಿ. ಮಗನಿಗೂ ಈ ವಿಷಯ ಈಗಲೇ ಗೊತ್ತಿರಲಿ. ಅವನ ಆಸೆ ದೊಡ್ಡದು, ಪೂರ್ತಿ ವಿಷಯ ತಿಳಿದೇ ಅವನು ದಾರಿ ಆರಿಸಿಕೊಳ್ಳಬೇಕು.

ಪ್ರಶ್ನೆ: ಸರ್ಕಾರವೇ ನರ್ಸಿಂಗ್ ಓದಿಸಿ, ಆಮೇಲೆ ಕೆಲಸ ಮಾಡಿಸಿಕೊಳ್ಳುತ್ತಂತೆ. ಬಾಂಡ್ ತರಹಾನಾ? ನಂಬಬಹುದಾ?

ಉತ್ತರ: ನಂಬಬಹುದು, ಆದರೆ ಬಾಂಡ್ ಅಂತಲೇ ಓದಿಕೊಳ್ಳಿ. ಎರಡು ಮುಖ್ಯವಾದವು. ನರ್ಸ್ ಕೋರ್ ಸ್ಕಾಲರ್‌ಶಿಪ್ ನರ್ಸಿಂಗ್ ಓದುವವರಿಗೆ. ಸಿಟಿಜನ್ನರ ಜೊತೆಗೆ ಗ್ರೀನ್ ಕಾರ್ಡ್ ಇರುವವರೂ ಹಾಕಬಹುದು. ಆದಾಯ ಕಡಿಮೆ ಇರುವವರಿಗೆ ಆದ್ಯತೆ. ಟ್ಯೂಷನ್ (ಕಾಲೇಜಿನ ಬೋಧನಾ ಶುಲ್ಕ), ಬೇರೆ ಫೀಸು, ತಿಂಗಳ ಖರ್ಚಿಗೆ ಸ್ಟೈಪೆಂಡ್ ಎಲ್ಲ ಬರುತ್ತದೆ. ಬದಲಿಗೆ ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆ ಅಥವಾ ಕ್ಲಿನಿಕ್ಕಿನಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು.

ಇನ್ನೊಂದು ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್. ಇದು ಪ್ರೈಮರಿ ಕೇರ್ ಡಾಕ್ಟರ್, ಡೆಂಟಿಸ್ಟ್, ನರ್ಸ್ ಪ್ರಾಕ್ಟಿಷನರ್, ಫಿಸಿಷಿಯನ್ ಅಸಿಸ್ಟೆಂಟ್ ಇಂಥವರಿಗೆ. ಸಿಟಿಜನ್ ಆಗಿರಲೇಬೇಕು, ಗ್ರೀನ್ ಕಾರ್ಡ್ ಸಾಲದು. ದುಡ್ಡು ಪಡೆದ ಒಂದೊಂದು ವರ್ಷಕ್ಕೂ ಒಂದೊಂದು ವರ್ಷ, ಕಡಿಮೆ ಅಂದರೂ ಎರಡು ವರ್ಷ, ವೈದ್ಯರ ಕೊರತೆ ಇರುವ ಜಾಗದಲ್ಲಿ ಸೇವೆ. ಓದು ಮುಗಿಸಿ ಸೇವೆ ಮಾಡದೆ ಬಿಟ್ಟರೆ ಕೊಟ್ಟಿದ್ದರ ಮೂರು ಪಟ್ಟು, ಬಡ್ಡಿ ಸಮೇತ ವಸೂಲಿ. ಇದು ಹೆದರಿಸುವ ಮಾತಲ್ಲ, ಕರಾರಿನಲ್ಲೇ ಇರುವುದು.

ನನ್ನ ಅಭಿಪ್ರಾಯ ಕೇಳುವುದಾದರೆ, ಹಳ್ಳಿ ಕಡೆ, ಬಡವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಮನಸ್ಸಿರುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಾಲವಿಲ್ಲದೆ ಓದು ಮುಗಿಯುತ್ತದೆ. ಆದರೆ ಮೊದಲ ವರ್ಷದಲ್ಲಿ ಕಾರ್ಡಿಯಾಲಜಿ, ಸರ್ಜರಿ ಅಂತ ಕನಸು ಕಾಣುತ್ತಿರುವ ಹುಡುಗನಿಗೆ ಇದನ್ನು ಹೇರಬೇಡಿ. ಸಹಿ ಮಾಡುವುದು ಅಪ್ಪ ಅಮ್ಮ ಅಲ್ಲ, ದುಡಿಯುವುದೂ ಅಪ್ಪ ಅಮ್ಮ ಅಲ್ಲ.

ಬಾಂಡ್ ಇಲ್ಲದ ದುಡ್ಡೂ ಇದೆ. 'ಸ್ಕಾಲರ್‌ಶಿಪ್ಸ್ ಫಾರ್ ಡಿಸಡ್ವಾಂಟೇಜ್ಡ್ ಸ್ಟೂಡೆಂಟ್ಸ್' ಅನ್ನುವ ಫೆಡರಲ್ ಯೋಜನೆಯಲ್ಲಿ ದುಡ್ಡು ನೇರ ಮಗುವಿಗೆ ಬರುವುದಿಲ್ಲ. ಆಯ್ದ ಕಾಲೇಜುಗಳಿಗೆ ಬರುತ್ತದೆ, ಅವರು ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆರಿಸುತ್ತಾರೆ. ನೀವು ಕೇಳಬೇಕಾದ್ದು ನರ್ಸಿಂಗ್ ಸ್ಕೂಲನ್ನು: "ನಿಮಗೆ ಎಸ್‌ಡಿಎಸ್ ಗ್ರಾಂಟ್ ಇದೆಯಾ?" ಈ ಪ್ರಶ್ನೆ ಕೇಳುವವರು ತುಂಬಾ ಕಡಿಮೆ.

ಗುಂಪಿನ ಇನ್ನೊಬ್ಬ ಸದಸ್ಯೆ: ನಾನು ಆರ್‌ಎನ್, ಅಂದರೆ ಲೈಸೆನ್ಸ್ ಇರುವ ನರ್ಸ್. ಒಂದು ಮಾತು ಸೇರಿಸಲಾ? ನಾಲ್ಕು ವರ್ಷದ ನರ್ಸಿಂಗ್ ಡಿಗ್ರಿ ಬಿಎಸ್ಎನ್ ಒಂದೇ ದಾರಿ ಅಲ್ಲ. ನಾನು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಕೋರ್ಸ್ ಎಡಿಎನ್ ಮಾಡಿದೆ. ಲೈಸೆನ್ಸಿಗೆ ಇಬ್ಬರೂ ಬರೆಯುವುದು ಅದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ. ಕೆಲಸಕ್ಕೆ ಸೇರಿದ ಮೇಲೆ ಆಸ್ಪತ್ರೆಯ ದುಡ್ಡಿನಲ್ಲೇ ಬಿಎಸ್ಎನ್ ಮುಗಿಸಿದೆ.

ಉತ್ತರ: ತುಂಬಾ ಒಳ್ಳೆಯ ಮಾತು ಅಕ್ಕ. ಮಾಲೀಕರು ಓದಿಗೆ ಕೊಡುವ ದುಡ್ಡಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಟ್ಯಾಕ್ಸ್ ಕೂಡ ಇಲ್ಲ. ಒಂದೇ ಎಚ್ಚರ: ದೊಡ್ಡ ಆಸ್ಪತ್ರೆಗಳಲ್ಲಿ ಕೆಲವು ಬಿಎಸ್ಎನ್ ಇದ್ದವರನ್ನೇ ಕೇಳುತ್ತವೆ. ನಿಮ್ಮ ಊರಿನ ಆಸ್ಪತ್ರೆಗಳ ಕೆಲಸದ ಜಾಹೀರಾತು ನೋಡಿ ನಿರ್ಧರಿಸಿ.

ಪ್ರಶ್ನೆ: ನನ್ನ ತಂಗಿ ಪ್ರೀಮೆಡ್ (ಮೆಡಿಕಲ್ ಸ್ಕೂಲಿಗೆ ಮುಂಚಿನ ಕಾಲೇಜು ಓದು) ಎರಡನೇ ವರ್ಷ, ಸಿಟಿಜನ್. ಅಪ್ಪ ಟ್ಯಾಕ್ಸಿ ಓಡಿಸುತ್ತಾರೆ. ಮೆಡಿಕಲ್ ಸ್ಕೂಲ್ ಸಾಲದ ನಿಯಮ ಬದಲಾಗಿದೆ ಅಂತ ಕೇಳಿ ಹೆದರಿಕೆ ಆಗಿದೆ.

ಉತ್ತರ: ಬದಲಾಗಿದೆ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಡಿಗ್ರಿಯ ಮೇಲಿನ ಓದಿಗೆ ಕೊಡುವ ಫೆಡರಲ್) ಸಾಲ ಇಲ್ಲ. ಎಂ.ಡಿ. (ಅಮೆರಿಕದಲ್ಲಿ ಡಾಕ್ಟರ್ ಆಗಲು ಮಾಡುವ ಡಿಗ್ರಿ) ಓದುವವರಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್. ಎಷ್ಟೋ ಸ್ಕೂಲುಗಳ ಖರ್ಚು ಇದನ್ನು ಮೀರುತ್ತದೆ. ಹಾಗಾಗಿ ಯಾವ ಸ್ಕೂಲು ಎಷ್ಟು ಗ್ರಾಂಟ್ ಕೊಡುತ್ತದೆ ಅನ್ನುವುದು ಈಗ ಮೊದಲಿಗಿಂತ ದೊಡ್ಡ ವಿಷಯ.

ಒಳ್ಳೆಯ ಸುದ್ದಿಯೂ ಇದೆ. ನ್ಯೂಯಾರ್ಕಿನ ಎನ್‌ವೈಯು ಗ್ರಾಸ್‌ಮನ್ ಮೆಡಿಕಲ್ ಸ್ಕೂಲು 2018ರಿಂದ ಟ್ಯೂಷನ್ ತೆಗೆದುಕೊಳ್ಳುತ್ತಿಲ್ಲ. ಬ್ರಾಂಕ್ಸ್‌ನ ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜಿಗೆ 2024ರಲ್ಲಿ ಅಲ್ಲಿನ ಹಳೆಯ ಪ್ರೊಫೆಸರ್ ರೂತ್ ಗಾಟ್ಸ್‌ಮನ್ ನೂರು ಕೋಟಿ ಡಾಲರ್ ಕೊಟ್ಟ ಮೇಲೆ ಅಲ್ಲೂ ಟ್ಯೂಷನ್ ಇಲ್ಲ. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 3 ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಮನೆಯವರಿಗೆ ಎಂ.ಡಿ. ಟ್ಯೂಷನ್ ಮಾಫಿ. 1,75,000ದ ಒಳಗಿದ್ದರೆ ಊಟ ವಸತಿ ಖರ್ಚೂ ಬರುತ್ತದೆ. ಇವು ಸೀಟು ಸಿಗುವುದು ಬಹಳ ಕಷ್ಟದ ಸ್ಕೂಲುಗಳು, ನಿಜ. ಆದರೆ "ಅದು ನಮ್ಮಂಥವರಿಗಲ್ಲ" ಅಂತ ಅರ್ಜಿಯನ್ನೇ ಹಾಕದಿರುವುದು ಬೇಡ.

ಅರ್ಜಿಗೇ ಸಾವಿರಾರು ಡಾಲರ್ ಆಗುತ್ತದೆ, ಅದಕ್ಕೂ ಸಹಾಯ ಇದೆ. ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯ ಫೀ ಅಸಿಸ್ಟೆನ್ಸ್ ಪ್ರೋಗ್ರಾಂ ಸಿಕ್ಕರೆ ಎಂಕ್ಯಾಟ್ ಪ್ರವೇಶ ಪರೀಕ್ಷೆಯ ಫೀಸು ಕಡಿಮೆಯಾಗುತ್ತದೆ, 20 ಸ್ಕೂಲುಗಳವರೆಗೆ ಆಮ್ಕಾಸ್ (ಹಲವು ಸ್ಕೂಲುಗಳಿಗೆ ಒಂದೇ ಕಡೆ ಹಾಕುವ) ಅರ್ಜಿ ಫೀಸು ಮಾಫಿ. ಎಂಕ್ಯಾಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಪಡೆಯಬೇಕು. ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ.

ಪ್ರಶ್ನೆ: ಅಕ್ಕ, ನಾನು ಸ್ಟೂಡೆಂಟ್. ಎಲ್ಲ ಸ್ಕಾಲರ್‌ಶಿಪ್‌ಗೂ ಎಸ್ಸೆ ಕೇಳ್ತಾರೆ. ಅಮ್ಮ ಹೋಟೆಲ್ ರೂಮ್ ಕ್ಲೀನ್ ಮಾಡ್ತಾರೆ. ಅದನ್ನ ಬರೆದರೆ ಕರುಣೆ ಕೇಳಿದ ಹಾಗೆ ಅನ್ಸುತ್ತೆ.

ಉತ್ತರ: ಪುಟ್ಟಾ, ಅಮ್ಮನ ಕೆಲಸ ಬರೆಯುವುದರಲ್ಲಿ ಯಾವ ಕರುಣೆಯೂ ಇಲ್ಲ. ಆದರೆ "ನಾವು ಬಡವರು, ಅಮ್ಮ ಕಷ್ಟಪಟ್ಟರು" ಅಂತ ಬರೆದರೆ ಓದುವವರಿಗೆ ನೀನು ಕಾಣುವುದಿಲ್ಲ. ನೀನು ಏನು ಮಾಡಿದೆ ಅನ್ನುವುದನ್ನು ಬರಿ. ಅಮ್ಮನ ಸೊಂಟನೋವಿಗೆ ಡಾಕ್ಟರ್ ಹತ್ತಿರ ಹೋದಾಗ ಮಾತು ತಿಳಿಸಿದವಳು ನೀನೇ ಇರಬೇಕು, ಅಲ್ವಾ? "ಜುಂ ಅನ್ನುತ್ತೆ" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದೆ? ಡಾಕ್ಟರ್ ಏನು ತಿಳಿದುಕೊಂಡರು? ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಡಬ್ಬಿ ಮೇಲೆ ಯಾರು ಬರೆದರು? ಇಂಥದ್ದು ನಿನ್ನ ಜೀವನದಲ್ಲಿ ಇದ್ದರೆ ಅದೇ ನಿನ್ನ ಎಸ್ಸೆ. ರೋಗಿಯ ಮಾತು ಕೇಳಿಸಿಕೊಳ್ಳುವ ಕೆಲಸ ನೀನು ಆಗಲೇ ಮಾಡಿದ್ದೀಯ ಅಂತ ಅದರಲ್ಲಿ ಕಾಣುತ್ತದೆ.

ಮನೆಗೆಲಸ, ತಮ್ಮನನ್ನು ನೋಡಿಕೊಂಡಿದ್ದು, ಪಾರ್ಟ್ ಟೈಮ್ ಕೆಲಸ ಇವನ್ನೂ ಚಟುವಟಿಕೆಗಳ ಪಟ್ಟಿಯಲ್ಲಿ ವಾರಕ್ಕೆ ಎಷ್ಟು ಗಂಟೆ ಅಂತ ಹಾಕು. ಎಲ್ಲರೂ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಒಬ್ಬರು 600 ಡಾಲರ್ ಕೊಟ್ಟರೆ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತಿದ್ದಾರೆ.

ಉತ್ತರ: ಬೇಡ. ಗ್ಯಾರಂಟಿ ಅಂದವರಿಗೆ ಒಂದು ಪೈಸೆಯೂ ಕೊಡಬೇಡಿ. ಫಾಫ್ಸಾ ಬಿಟ್ಟಿ.

ಪ್ರಶ್ನೆ: ನರ್ಸಿಂಗ್ ಸೀಟು ಸಿಕ್ಕಿದೆ, ಆಫರ್ ಲೆಟರ್ ಬಂದಿದೆ. ಎಲ್ಲ ಕೂಡಿದರೂ ಇನ್ನೂ 9,000 ಡಾಲರ್ ಕಮ್ಮಿ. ನಮ್ಮ ಯಜಮಾನರ ಶಿಫ್ಟ್ ಬೇರೆ ಕಡಿಮೆ ಮಾಡಿದ್ದಾರೆ. ಇನ್ನೂ ಕೇಳಬಹುದಾ? ಕೇಳಿದರೆ ಸೀಟು ವಾಪಸ್ ತಗೊಳ್ಳಲ್ವಾ?

ಉತ್ತರ: ಮೊದಲು ಲೆಟರನ್ನು ಇನ್ನೊಮ್ಮೆ ನೋಡಿ. ಗ್ರಾಂಟ್, ಸಾಲ, ವರ್ಕ್ ಸ್ಟಡಿ ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಕೂಡಿಸಿರುತ್ತಾರೆ. 3,500 ಸಬ್ಸಿಡೈಸ್ಡ್, 2,000 ಅನ್‌ಸಬ್ಸಿಡೈಸ್ಡ್ ಅಂತ ಎರಡು ಸಾಲು ಇದ್ದರೆ ಆ 5,500 ಸಾಲ. ವರ್ಕ್ ಸ್ಟಡಿ ಅಂದರೆ ಮಗಳು ಕ್ಯಾಂಪಸ್ಸಿನಲ್ಲಿ ದುಡಿದ ಮೇಲೆ ಕೈಗೆ ಬರುವ ಸಂಬಳ, ಫೀಸಿನಲ್ಲಿ ಮುಂಚೆಯೇ ಕಳೆಯುವುದಿಲ್ಲ. ಇವೆರಡನ್ನು ಬದಿಗಿಟ್ಟು ಕೂಡಿ ನೋಡಿ. ಕಮ್ಮಿ ಬಿದ್ದಿರುವುದು 9,000ಕ್ಕಿಂತ ಜಾಸ್ತಿಯೇ ಇರಬಹುದು.

ಈಗ ಕೇಳುವ ವಿಷಯ. ಖಂಡಿತ ಕೇಳಿ. ಅವರು ನೋಡಿದ್ದು ಎರಡು ವರ್ಷ ಹಿಂದಿನ ಆದಾಯ. ಈಗ ಶಿಫ್ಟ್ ಕಡಿಮೆಯಾಗಿದೆ ಅಂತ ಕಾಗದ ತೋರಿಸಿದರೆ ಲೆಕ್ಕ ಬದಲಾಯಿಸುವ ಅಧಿಕಾರ ನಮ್ಮಂಥ ಆಫೀಸುಗಳಿಗೆ ಕಾನೂನಿನಲ್ಲೇ ಇದೆ. ಅದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಅನ್ನುತ್ತಾರೆ. ಓದಿದ ಮನೆಯವರು ಇದನ್ನು ಸಲೀಸಾಗಿ ಕೇಳುತ್ತಾರೆ. ನಮ್ಮವರು "ಕೊಟ್ಟಿದ್ದೇ ದೊಡ್ಡದು" ಅಂತ ಸಂಕೋಚಪಟ್ಟು ಸುಮ್ನೆ ಇದ್ದುಬಿಡುತ್ತಾರೆ. ನನಗೆ ಸಂಕಟ ಆಗುವುದು ಅದಕ್ಕೇ. ನೀವು ಕೇಳದ ದುಡ್ಡು ಕೇಳಿದವರಿಗೆ ಹೋಗುತ್ತದೆ.

ಪತ್ರ ಒಂದು ಪುಟ ಸಾಕು. ಏನು ಬದಲಾಯಿತು, ಯಾವಾಗಿನಿಂದ, ತಿಂಗಳಿಗೆ ಎಷ್ಟು ಕಡಿಮೆ, ನಿಮಗೆ ಎಷ್ಟು ಬೇಕು. ಹಳೆಯ ಮತ್ತು ಹೊಸ ಪೇ ಸ್ಟಬ್ (ಸಂಬಳದ ಚೀಟಿ), ಕಂಪನಿಯ ಪತ್ರ ಇದ್ದರೆ ಅದು, ಇನ್ನೊಂದು ಕಾಲೇಜು ಜಾಸ್ತಿ ಕೊಟ್ಟಿದ್ದರೆ ಅದರ ಲೆಟರ್, ಎಲ್ಲ ಲಗತ್ತಿಸಿ. ಊರಿನಲ್ಲಿ ಅಪ್ಪ ಅಮ್ಮನಿಗೆ ತಿಂಗಳಾ ತಿಂಗಳಾ ದುಡ್ಡು ಕಳಿಸುತ್ತಿದ್ದರೆ ಅದರ ರಸೀತಿಯನ್ನೂ ಇಡಿ. ಒಪ್ಪುವುದು ಬಿಡುವುದು ಆಯಾ ಆಫೀಸಿಗೆ ಸೇರಿದ್ದು. ಮಗಳ ಇಮೇಲಿನಿಂದಲೇ, ಅವಳ ಸ್ಟೂಡೆಂಟ್ ಐಡಿ ಹಾಕಿ ಕಳಿಸಿ. ಸೀಟು ಒಪ್ಪಿಕೊಳ್ಳುವ ಗಡುವು ಬಹಳ ಕಡೆ ಮೇ 1, ಅದಕ್ಕೆ ಮುಂಚೆ ಉತ್ತರ ಬರುವ ಹಾಗೆ ಈ ವಾರವೇ ಕಳಿಸಿ. ಹೊರಗಿನ ಸ್ಕಾಲರ್‌ಶಿಪ್ ಏನಾದರೂ ಬಂದಿದ್ದರೆ ಅದನ್ನು ಕಾಲೇಜಿನ ಗ್ರಾಂಟಿನಲ್ಲಿ ಕಳೆಯುತ್ತಾರೋ ಸಾಲದಲ್ಲಿ ಕಳೆಯುತ್ತಾರೋ ಅಂತಲೂ ಅದೇ ಇಮೇಲಿನಲ್ಲಿ ಕೇಳಿ. "ದಯವಿಟ್ಟು ಸಾಲದಲ್ಲಿ ಕಳೆಯಿರಿ" ಅಂತ ಬರೆಯಿರಿ.

ಸೀಟು ಹೋಗುವುದಿಲ್ಲ. ಸಹಾಯ ಇನ್ನಷ್ಟು ಕೇಳಿದರು ಅಂತ ಕೊಟ್ಟ ಸೀಟು ಕಿತ್ತುಕೊಳ್ಳುವುದಿಲ್ಲ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ. ಮಗಳು ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಪತ್ರ ಬರೆದ ಮೇಲೆ ಹೆಸರು, ನಂಬರ್ ತೆಗೆದು ನನಗೆ ಮೆಸೇಜ್ ಮಾಡಿ, ನೋಡಿ ಹೇಳುತ್ತೇನೆ.